ಮೂಲೆ ಸೇರಿದ ರೆಕಾರ್ಡಿಂಗ್ ಬಾಕ್ಸ್: ಇಂಟರ್ನೆಟ್ ಟಿವಿ ಗೆದ್ದಿತು, ವೀಕ್ಷಕ ಗೆದ್ದನೇ?

2025ರ ಐಪಿಎಲ್ ಶುರುವಾದದ್ದು ಮಾರ್ಚ್ 22ಕ್ಕೆ. ರಮಝಾನಿನ ಕೊನೆಯ ಹತ್ತು ಆಗಷ್ಟೇ ಆರಂಭವಾಗಿತ್ತು. ರಾತ್ರಿಯ ಪಂದ್ಯಗಳ ಮೊದಲ ಎಸೆತ 7.30ಕ್ಕೆ. ಇಫ್ತಾರ್ ಮುಗಿಸಿ, ಇಶಾ ಮತ್ತು ತರಾವೀಹ್‌ಗೆ ಹೋದ ಹುಡುಗರು ಮಸೀದಿಯಿಂದ ಮನೆಗೆ ಬರುವಾಗ ಒಂದು ಇನ್ನಿಂಗ್ಸ್ ಮುಗಿದೇ ಹೋಗಿರುತ್ತದೆ. ನಿಜ ಹೇಳಬೇಕಾದರೆ ಸೆಟ್‌ಟಾಪ್ ಬಾಕ್ಸ್‌ನಲ್ಲಿ ರೆಕಾರ್ಡಿಂಗ್ ಬಟನ್ ಇಟ್ಟದ್ದೇ ಇಂಥ ಹೊತ್ತಿಗಾಗಿ. ನಮಾಝ್ ಅದರ ಹೊತ್ತಿಗೆ, ಆಟ ಪುರುಸೊತ್ತಾದಾಗ.

ಆದರೆ ಆ ಬಟನ್ ಒತ್ತುವವರು ಈಗ ಎಷ್ಟು ಮಂದಿ? ಕುಂಬಳೆ, ಉಪ್ಪಳ, ಮಂಜೇಶ್ವರದಿಂದ ಉಳ್ಳಾಲದವರೆಗೆ ಎಷ್ಟೋ ಮನೆಗಳಲ್ಲಿ ಟಿವಿ ಸ್ಟ್ಯಾಂಡಿನ ಕೆಳಗೆ ಧೂಳು ಹಿಡಿದ ಬಾಕ್ಸ್ ಇದೆ. ಟೆರೇಸಿನ ಮೇಲೆ ತುಕ್ಕು ಹಿಡಿದ ಡಿಶ್ ಇದೆ. ಮನೆಯ ಮಕ್ಕಳು ಮ್ಯಾಚ್ ನೋಡುವುದು ಫೋನಿನಲ್ಲಿ, ಇಲ್ಲವೇ ವೈಫೈಗೆ ಸೇರಿಸಿದ ಸ್ಮಾರ್ಟ್ ಟಿವಿಯಲ್ಲಿ. ‘ಡಿವಿಆರ್’ ಎಂದರೆ ಇಂದು ಹೆಚ್ಚಿನವರಿಗೆ ನೆನಪಾಗುವುದು ಅಂಗಡಿಯ ಸಿಸಿಟಿವಿ ಪೆಟ್ಟಿಗೆ. ಟಿವಿ ಕಾರ್ಯಕ್ರಮವನ್ನು ಹಿಡಿದಿಟ್ಟು ಬೇಕಾದಾಗ ನೋಡಲು ಬಿಡುತ್ತಿದ್ದ ಡಿಜಿಟಲ್ ವೀಡಿಯೊ ರೆಕಾರ್ಡರ್ ಎಂಬ ಅದರ ಮೂಲ ಅರ್ಥ ಬಹುತೇಕ ಮರೆತೇ ಹೋಗಿದೆ.

ಈ ಮಾದರಿಯ ಪೆಟ್ಟಿಗೆಯನ್ನು ಜಗತ್ತಿಗೆ ಪರಿಚಯಿಸಿದ ಅಮೆರಿಕದ ಟಿವೋ ಕಂಪೆನಿ 2025ರ ಅಕ್ಟೋಬರ್‌ನಲ್ಲಿ ತನ್ನ ರೆಕಾರ್ಡರ್‌ಗಳ ಮಾರಾಟವನ್ನೇ ನಿಲ್ಲಿಸಿತು. ಒಂದು ಯಂತ್ರ ಹಳತಾಗಿ ಇನ್ನೊಂದು ಬಂದಿದೆ, ಅಷ್ಟೇ ತಾನೇ ಎಂದು ಸುಮ್ಮನಾಗಬಹುದು. ಆದರೆ ಆ ಪೆಟ್ಟಿಗೆಯ ಜೊತೆ ವೀಕ್ಷಕನ ಕೈಯಿಂದ ಇನ್ನೊಂದು ವಿಷಯವೂ ಜಾರಿತು. ಅದರ ಲೆಕ್ಕ ಇಟ್ಟವರು ಕಡಿಮೆ.

ಬಾಕ್ಸ್ ಕೊಟ್ಟಿದ್ದ ಮಾತು

ಟಿವಿ ಕಾರ್ಯಕ್ರಮವನ್ನು ಮನೆಯಲ್ಲಿ ರೆಕಾರ್ಡ್ ಮಾಡುವುದು ತಪ್ಪೇ? ಈ ಪ್ರಶ್ನೆ ಡಿವಿಆರ್‌ಗಿಂತ ಹಳೆಯದು. ಸೋನಿ ಕಂಪೆನಿಯ ಬೀಟಾಮ್ಯಾಕ್ಸ್ ಕ್ಯಾಸೆಟ್ ರೆಕಾರ್ಡರ್ ವಿರುದ್ಧ ಯುನಿವರ್ಸಲ್ ಮತ್ತು ಡಿಸ್ನಿ ಸ್ಟುಡಿಯೋಗಳು 1976ರಲ್ಲಿ ಕೋರ್ಟಿಗೆ ಹೋದವು. 1984ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5-4 ಬಹುಮತದಿಂದ ತೀರ್ಪು ಕೊಟ್ಟಿತು: ಪ್ರಸಾರವಾದದ್ದನ್ನು ಮನೆಯಲ್ಲಿ ರೆಕಾರ್ಡ್ ಮಾಡಿ ಆಮೇಲೆ ನೋಡುವುದು ಅಪರಾಧವಲ್ಲ. ಒಬ್ಬ ನ್ಯಾಯಾಧೀಶರ ಅಭಿಪ್ರಾಯ ಬೇರೆ ಕಡೆಗೆ ವಾಲಿದ್ದರೆ ಮನೆಯ ವಿಸಿಆರ್‌ನ ಕತೆಯೇ ಬೇರೆಯಾಗುತ್ತಿತ್ತು.

1999ರಲ್ಲಿ ಟಿವೋ ಬಂತು. ಕ್ಯಾಸೆಟ್ ಬೇಡ, ಒಳಗೇ ಹಾರ್ಡ್ ಡಿಸ್ಕ್. ಲೈವ್ ಟಿವಿಯನ್ನು ನಿಲ್ಲಿಸಬಹುದು, ಹಿಂದಕ್ಕೆ ಓಡಿಸಬಹುದು, ಜಾಹೀರಾತು ಬಂದರೆ ಮುಂದಕ್ಕೆ ಹಾರಿಸಬಹುದು. ಭಾರತದಲ್ಲಿ 2008ರಲ್ಲಿ ಟಾಟಾ ಸ್ಕೈ ಪ್ಲಸ್ ಹೆಸರಿನಲ್ಲಿ ಇಂಥ ಬಾಕ್ಸ್ ಬಂದಾಗ ಅದು ಉಳ್ಳವರ ಮನೆಯ ವಸ್ತುವಾಗಿತ್ತು. ಆಮೇಲೆ ಬೇರೆ ಡಿಟಿಎಚ್ ಕಂಪೆನಿಗಳೂ ರೆಕಾರ್ಡಿಂಗ್ ಬಾಕ್ಸ್ ತಂದವು. ಕಡಿಮೆ ಬೆಲೆಯ ಬಾಕ್ಸ್‌ಗಳಲ್ಲಿ ಪೆನ್‌ಡ್ರೈವ್ ಅಥವಾ ಹೊರಗಿನ ಹಾರ್ಡ್ ಡಿಸ್ಕ್ ಚುಚ್ಚಿ ರೆಕಾರ್ಡ್ ಮಾಡುವ ಸೌಕರ್ಯ ಬಂತು. ಗಲ್ಫಿನಿಂದ ರಜೆಗೆ ಬರುವ ಮಗನಿಗೆ ತೋರಿಸಲಿಕ್ಕೆಂದು ಸಿನೆಮಾ, ಪಂದ್ಯ, ರಮಝಾನ್ ಕಾರ್ಯಕ್ರಮ ತೆಗೆದಿಟ್ಟ ಮನೆಗಳು ಕರಾವಳಿಯಲ್ಲಿ ಕಡಿಮೆಯೇನಲ್ಲ.

‘ಟಿವಿಯ ಟೈಮಿಗೆ ನೀವಲ್ಲ, ನಿಮ್ಮ ಟೈಮಿಗೆ ಟಿವಿ’ ಎಂಬುದು ಆ ಬಾಕ್ಸ್ ಕೊಟ್ಟ ಮಾತಿನ ಸಾರ.

ಎಡವಿದ್ದು ಎಲ್ಲಿ?

ಕೊಟ್ಟ ಮಾತು ದೊಡ್ಡದಿತ್ತು, ಬಾಕ್ಸ್ ಮಾತ್ರ ಸಣ್ಣದು. ಡಿಟಿಎಚ್ ಉದ್ಯಮ ಭಾರತದಲ್ಲಿ ನಡೆದದ್ದೇ ಕಡಿಮೆ ದರದ ರೀಚಾರ್ಜ್ ಮೇಲೆ. ಗ್ರಾಹಕನನ್ನು ಹಿಡಿಯಲು ಕಂಪೆನಿಗಳು ನಷ್ಟದಲ್ಲೇ ಬಾಕ್ಸ್ ಕೊಟ್ಟವು. ಹಾಗಾಗಿ ಒಳಗೆ ಹಾಕಿದ ಪ್ರೊಸೆಸರ್ ಮತ್ತು ಮೆಮೊರಿ ಕೆಲಸ ನಡೆಯುವಷ್ಟಕ್ಕೆ ಮಾತ್ರ. ರಿಮೋಟ್ ಒತ್ತಿದ ಎರಡು ಕ್ಷಣದ ನಂತರ ಮೆನು ಬರುವುದು, ಹತ್ತು ಅಕ್ಷರದ ಹೆಸರು ಹುಡುಕಲು ಹತ್ತು ನಿಮಿಷ ಬಾಣದ ಗುರುತು ಒತ್ತುವುದು, ಹಳೇ ಬಾಕ್ಸ್ ಇದ್ದವರಿಗೆ ಮಾಮೂಲು. ಫೋನ್ ಎರಡು ಮೂರು ವರ್ಷಕ್ಕೊಮ್ಮೆ ಬದಲಾಯಿತು. ಬಾಕ್ಸ್ ಹತ್ತು ವರ್ಷವಾದರೂ ಅದೇ.

ಎರಡನೆಯದು ಟೈಮಿಂಗ್. ಡಿವಿಆರ್ ರೆಕಾರ್ಡ್ ಮಾಡುವುದು ಚಾನೆಲ್‌ನವರು ಕಳುಹಿಸುವ ವೇಳಾಪಟ್ಟಿ ನೋಡಿ. ಪಟ್ಟಿಯಲ್ಲಿ ಪಂದ್ಯ 11.30ಕ್ಕೆ ಮುಗಿಯುತ್ತದೆ ಎಂದಿದ್ದರೆ ಬಾಕ್ಸ್ 11.30ಕ್ಕೆ ರೆಕಾರ್ಡಿಂಗ್ ನಿಲ್ಲಿಸುತ್ತದೆ. ಕೊನೆಯ ಓವರ್ ಬಾಕಿ ಇದ್ದರೂ ಅದಕ್ಕೆ ಗೊತ್ತಿಲ್ಲ. ಹತ್ತೊಂಬತ್ತು ಓವರ್ ಇದೆ, ಇಪ್ಪತ್ತನೆಯದು ಇಲ್ಲ ಎಂಬ ಸಂಕಟ ಅನುಭವಿಸಿದವರಿಗೇ ಗೊತ್ತು.

ಮೂರನೆಯದು ಕರಾವಳಿಗೆ ವಿಶೇಷ: ಮಳೆ. ಡಿಟಿಎಚ್ ಬಳಸುವ ಕೆಯು ಬ್ಯಾಂಡ್ ತರಂಗಗಳನ್ನು ಜೋರು ಮಳೆ ತಡೆಯುತ್ತದೆ. ಜೂನ್, ಜುಲೈ ರಾತ್ರಿಗಳಲ್ಲಿ ಸಿಗ್ನಲ್ ಹೋದರೆ ಆ ಹೊತ್ತಿನ ಚಿತ್ರ ರೆಕಾರ್ಡಿಂಗ್‌ನಲ್ಲೂ ಇರುವುದಿಲ್ಲ. ಮೇಲಿಂದ ಸಿಡಿಲು, ಕರೆಂಟು ಹೋಗಿ ಬರುವುದು, ಉಪ್ಪುಗಾಳಿ. ತಿರುಗುವ ಹಾರ್ಡ್ ಡಿಸ್ಕ್‌ಗೆ ಇದಕ್ಕಿಂತ ಕೆಟ್ಟ ಊರು ಬೇಕಿಲ್ಲ.

ಆದರೆ ಜನರಿಗೆ ನಿಜವಾದ ಪೆಟ್ಟು ಬಿದ್ದದ್ದು ನಾಲ್ಕನೆಯದರಿಂದ. ರೆಕಾರ್ಡ್ ಮಾಡಿಟ್ಟದ್ದು ಬಳಕೆದಾರನದ್ದಾಗಿರಲೇ ಇಲ್ಲ. ಆ ಫೈಲ್‌ಗೆ ಬೀಗ ಹಾಕಲಾಗಿರುತ್ತದೆ, ಬೀಗದ ಕೈ ಇರುವುದು ಅದೇ ಬಾಕ್ಸ್‌ನಲ್ಲಿ. ಪೆನ್‌ಡ್ರೈವ್ ತೆಗೆದು ಲ್ಯಾಪ್‌ಟಾಪ್‌ಗೆ ಹಾಕಿದರೆ ಓಡುವುದಿಲ್ಲ. ಬಾಕ್ಸ್ ಸುಟ್ಟು ಹೊಸದು ತಂದರೆ ಹಳೆಯ ರೆಕಾರ್ಡಿಂಗ್ ಅದರಲ್ಲಿ ತೆರೆಯುವುದಿಲ್ಲ. ಹಲವು ಬಾಕ್ಸ್‌ಗಳಲ್ಲಿ ರೀಚಾರ್ಜ್ ಮುಗಿದರೆ, ತಾನೇ ತೆಗೆದಿಟ್ಟದ್ದನ್ನೂ ನೋಡುವ ಹಾಗಿಲ್ಲ.

ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಊರಿನ ಉರೂಸ್‌ನ ವರದಿ ಟಿವಿಯಲ್ಲಿ ಬಂದಾಗ ಅದರಲ್ಲಿ ಉಪ್ಪ ಎರಡು ಮಾತಾಡಿದ್ದರು. ಮನೆಯವರು ರೆಕಾರ್ಡ್ ಮಾಡಿಟ್ಟರು. ಉಪ್ಪ ತೀರಿಕೊಂಡರು. ಎರಡು ಮಳೆಗಾಲ ಕಳೆದು ಬಾಕ್ಸ್ ಕೆಟ್ಟಿತು. ಕಸ್ಟಮರ್ ಕೇರ್‌ನಿಂದ ಬರುವ ಉತ್ತರ ಒಂದೇ: ಹೊಸ ಬಾಕ್ಸ್ ಕೊಡುತ್ತೇವೆ, ಹಳೆಯದರಲ್ಲಿ ಇದ್ದದ್ದು ಸಿಗುವುದಿಲ್ಲ. ಹಾರ್ಡ್ ಡಿಸ್ಕ್ ಕೈಯಲ್ಲೇ ಇದೆ. ಅದರೊಳಗೆ ಉಪ್ಪನ ಧ್ವನಿಯೂ ಇದೆ. ಕೇಳುವ ದಾರಿ ಮಾತ್ರ ಇಲ್ಲ.

ಕಾನೂನು ಇಲ್ಲಿ ಎರಡು ದಿಕ್ಕಿಗೆ ನೋಡುತ್ತದೆ. ಭಾರತದ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಖಾಸಗಿ, ವೈಯಕ್ತಿಕ ಬಳಕೆಗೆ ನ್ಯಾಯಯುತ ಮಿತಿಯಲ್ಲಿ ಅವಕಾಶ ಕೊಡುತ್ತದೆ. 2012ರ ತಿದ್ದುಪಡಿಯಲ್ಲಿ ಸೇರಿದ 65ಎ ಸೆಕ್ಷನ್, ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ ಡಿಜಿಟಲ್ ಬೀಗ ಒಡೆಯುವುದನ್ನು ಅಪರಾಧ ಎನ್ನುತ್ತದೆ. ಸ್ವಂತ ಬಳಕೆಗೆ ಇಟ್ಟುಕೊಳ್ಳಲು ಅಡ್ಡಿಯಿಲ್ಲ ಎಂದು ಕಾಯ್ದೆ ಹೇಳಬಹುದು. ಬೀಗ ತೆಗೆದುಕೊಡಿ ಎಂದು ಕಂಪೆನಿಗೆ ಅದು ಹೇಳುವುದಿಲ್ಲ.

ದುಡ್ಡು ಹೋದ ದಾರಿ

ಬಾಕ್ಸ್ ಹೀಗೆ ನಿಂತಲ್ಲೇ ನಿಂತಿರುವಾಗ ಹೊರಗೆ ಜಗತ್ತು ಓಡುತ್ತಿತ್ತು. 2015ರಲ್ಲಿ ಹಾಟ್‌ಸ್ಟಾರ್, 2016ರ ಜನವರಿಯಲ್ಲಿ ನೆಟ್‌ಫ್ಲಿಕ್ಸ್, ಅದೇ ಸೆಪ್ಟೆಂಬರ್‌ನಲ್ಲಿ ಜಿಯೋ, ಡಿಸೆಂಬರ್‌ನಲ್ಲಿ ಅಮೆಜಾನ್ ಪ್ರೈಮ್ ವೀಡಿಯೊ. ಡೇಟಾ ಅಗ್ಗವಾಯಿತು. ರೆಕಾರ್ಡ್ ಮಾಡಿಡುವ ಅಗತ್ಯವೇ ಇಲ್ಲ, ಎಲ್ಲವೂ ಅಲ್ಲೇ ಇದೆ ಎಂದಾದ ಮೇಲೆ ಬಾಕ್ಸ್ ಯಾರಿಗೆ ಬೇಕು?

ದೊಡ್ಡ ಕಂಪೆನಿಗಳ ದುಡ್ಡು ಯಾವ ಕಡೆ ಹೋಯಿತು ಎಂಬುದಕ್ಕೆ ಐಪಿಎಲ್ ಹರಾಜೇ ಸಾಕ್ಷಿ. 2023ರಿಂದ 2027ರವರೆಗಿನ ಪ್ರಸಾರ ಹಕ್ಕು 2022ರ ಜೂನ್‌ನಲ್ಲಿ ಒಟ್ಟು 48,390 ಕೋಟಿ ರೂ.ಗೆ ಹೋಯಿತು. ಭಾರತದ ಟಿವಿ ಹಕ್ಕಿಗೆ ಡಿಸ್ನಿ ಸ್ಟಾರ್ ಕೊಟ್ಟದ್ದು 23,575 ಕೋಟಿ. ಭಾರತದ ಡಿಜಿಟಲ್ ಹಕ್ಕಿನ ಎರಡು ಪ್ಯಾಕೇಜ್‌ಗಳಿಗೆ ವಯಾಕಾಮ್18 ಕೊಟ್ಟದ್ದು ಸುಮಾರು 23,750 ಕೋಟಿ. ಟಿವಿಗಿಂತ ಫೋನಿನ ಪರದೆಗೆ ಹೆಚ್ಚು ಬೆಲೆ ಬಂದಿತ್ತು.

ಅಂಕಿಅಂಶಗಳೂ ಅದನ್ನೇ ಹೇಳುತ್ತವೆ. ಟ್ರಾಯ್ ಲೆಕ್ಕದಂತೆ 2020ರ ಕೊನೆಗೆ ದೇಶದಲ್ಲಿ ಹಣ ಕೊಡುವ ಡಿಟಿಎಚ್ ಚಂದಾದಾರರು ಸುಮಾರು 7 ಕೋಟಿ ಇದ್ದರು. 2025ರ ಮಾರ್ಚ್ ಹೊತ್ತಿಗೆ ಅದು 5.7 ಕೋಟಿಯ ಆಸುಪಾಸಿಗೆ ಇಳಿದಿತ್ತು. ಅದೇ ವರ್ಷ ಟಾಟಾ ಪ್ಲೇ ಮತ್ತು ಏರ್‌ಟೆಲ್‌ನ ಡಿಟಿಎಚ್ ವಹಿವಾಟನ್ನು ಒಂದು ಮಾಡುವ ಮಾತುಕತೆ ನಡೆದು, ಮೇ ತಿಂಗಳಲ್ಲಿ ಮುರಿದುಬಿತ್ತು. ಒಂದು ಕಾಲದ ಎದುರಾಳಿಗಳು ಒಟ್ಟಾಗಲು ಕೂತದ್ದೇ ಉದ್ಯಮ ಎಲ್ಲಿಗೆ ಬಂದು ಮುಟ್ಟಿದೆ ಎಂಬುದರ ಗುರುತು.

ಇಂಥ ಸ್ಥಿತಿಯಲ್ಲಿ ಡಿಟಿಎಚ್ ಕಂಪೆನಿಗಳು ರೆಕಾರ್ಡರ್ ಸುಧಾರಿಸುವ ಬದಲು ಆಪ್‌ಗಳನ್ನೇ ಬಾಕ್ಸ್‌ನೊಳಗೆ ತಂದವು. ಆಂಡ್ರಾಯ್ಡ್ ಬಾಕ್ಸ್ ಬಂತು, ಒಂದೇ ಬಿಲ್ಲಿನಲ್ಲಿ ಹತ್ತಾರು ಒಟಿಟಿ ಎಂಬ ಪ್ಯಾಕ್ ಬಂತು. ಚಾನೆಲ್‌ನವರಿಗೂ ಇದರಿಂದ ಬೇಸರವಾಗಲಿಲ್ಲ. ಜಾಹೀರಾತನ್ನು ಹಾರಿಸಲು ಬಿಡುವ ಯಂತ್ರವನ್ನು ಪ್ರಸಾರಕರು ಯಾವ ಕಾಲದಲ್ಲೂ ಇಷ್ಟಪಟ್ಟವರಲ್ಲ.

ಇಂಟರ್ನೆಟ್ ಟಿವಿ ಕೊಟ್ಟದ್ದು, ಕಿತ್ತುಕೊಂಡದ್ದು

ಇಂಟರ್ನೆಟ್ ಟಿವಿ ಕೊಟ್ಟದ್ದು ಸಣ್ಣದಲ್ಲ. ಬೇಕಾದ್ದು ಬೇಕಾದಾಗ ಸಿಗುತ್ತದೆ, ಹುಡುಕುವುದು ಸುಲಭ, ಬಸ್ಸಿನಲ್ಲೂ ನೋಡಬಹುದು. 2022ರ ಫಿಫಾ ವಿಶ್ವಕಪ್ ಮತ್ತು 2023ರ ಐಪಿಎಲ್ ಅನ್ನು ಜಿಯೋಸಿನೆಮಾ ಪುಕ್ಕಟೆ ತೋರಿಸಿದಾಗ ಇನ್ನು ಡಿಶ್ ಯಾಕೆ ಎಂದು ರೀಚಾರ್ಜ್ ನಿಲ್ಲಿಸಿದವರ ಲೆಕ್ಕಾಚಾರ ಆ ಹೊತ್ತಿಗೆ ಸರಿಯೇ ಇತ್ತು.

ಆದರೆ ಪುಕ್ಕಟೆ ಬಹಳ ದಿನ ಇರಲಿಲ್ಲ. 2025ರ ಫೆಬ್ರವರಿ 14ರಂದು ಜಿಯೋಸಿನೆಮಾ ಮತ್ತು ಹಾಟ್‌ಸ್ಟಾರ್ ಸೇರಿ ಜಿಯೋಹಾಟ್‌ಸ್ಟಾರ್ ಆಯಿತು. ಮುಂದಿನ ತಿಂಗಳು ಶುರುವಾದ ಐಪಿಎಲ್ ಅನ್ನು ಪೂರ್ತಿ ನೋಡಲು ಚಂದಾ ಅಥವಾ ಅದನ್ನು ಒಳಗೊಂಡ ಮೊಬೈಲ್ ರೀಚಾರ್ಜ್ ಬೇಕಾಯಿತು. ಪ್ರೈಮ್ ವೀಡಿಯೊ ಚಂದಾ ಕಟ್ಟಿದವರಿಗೂ 2025ರ ಜೂನ್ 17ರಿಂದ ಜಾಹೀರಾತು ತೋರಿಸತೊಡಗಿತು. ಬೇಡವಾದರೆ ಮೇಲಿಂದ ತಿಂಗಳಿಗೆ 129 ರೂ. ಅಥವಾ ವರ್ಷಕ್ಕೆ 699 ರೂ. ಕೊಡಬೇಕು. ಡಿವಿಆರ್ ರಿಮೋಟಿನ ಒಂದು ಬಟನ್ ಮಾಡುತ್ತಿದ್ದ ಕೆಲಸಕ್ಕೆ ಈಗ ಬೇರೆಯೇ ಬಿಲ್ಲು.

ಲೈವ್ ವಿಷಯದಲ್ಲಿ ಇಂಟರ್ನೆಟ್ ಇನ್ನೂ ಹಿಂದೆಯೇ ಇದೆ. ಡಿಶ್‌ಗಿಂತ ಸ್ಟ್ರೀಮಿಂಗ್ ಹಲವು ಸೆಕೆಂಡ್ ತಡ. ಪಕ್ಕದ ಮನೆಯಲ್ಲಿ ಸಿಕ್ಸರ್‌ಗೆ ಬೊಬ್ಬೆ ಬಿದ್ದಾಗ ಇಲ್ಲಿ ಬೌಲರ್ ಇನ್ನೂ ಓಡಿ ಬರುತ್ತಿರುತ್ತಾನೆ. ಡೇಟಾದ ಲೆಕ್ಕ ಬೇರೆ. ನೆಟ್‌ಫ್ಲಿಕ್ಸ್ ಹೇಳುವಂತೆ ಎಚ್‌ಡಿ ಗುಣಮಟ್ಟಕ್ಕೆ ಗಂಟೆಗೆ 3 ಜಿಬಿವರೆಗೆ ಬೇಕು. ಆ ಲೆಕ್ಕದಲ್ಲಿ ನಾಲ್ಕು ಗಂಟೆಯ ಪಂದ್ಯವನ್ನು ದೊಡ್ಡ ಟಿವಿಯಲ್ಲಿ ನೋಡಲು ದಿನಕ್ಕೆ 2 ಜಿಬಿಯ ಮೊಬೈಲ್ ಪ್ಯಾಕ್ ಎಲ್ಲಿಗೂ ಸಾಲದು. ಫೈಬರ್ ಹಾಕಿಸಲೇಬೇಕು.

ಇದೆಲ್ಲಕ್ಕಿಂತ ಮುಖ್ಯವಾದದ್ದು ಒಡೆತನ. ಬಾಕ್ಸ್‌ನಲ್ಲಿ ಬೀಗ ಹಾಕಿದ ಫೈಲ್ ಆದರೂ ಮನೆಯಲ್ಲಿತ್ತು. ಸ್ಟ್ರೀಮಿಂಗ್‌ನಲ್ಲಿ ಮನೆಯಲ್ಲಿ ಏನೂ ಇರುವುದಿಲ್ಲ. ಕಂಪೆನಿಗಳ ನಡುವಿನ ಒಪ್ಪಂದ ಮುಗಿದರೆ ನಿನ್ನೆ ಇದ್ದ ಸಿನೆಮಾ ಇಂದು ಇಲ್ಲ. ‘ಡೌನ್‌ಲೋಡ್’ ಎಂದು ಆಪ್ ಕೊಡುವುದಕ್ಕೂ ಅವಧಿ ಇದೆ, ಚಂದಾ ಮುಗಿದರೆ ಅದೂ ತೆರೆಯುವುದಿಲ್ಲ. ದುಡ್ಡು ಕೊಟ್ಟು ಖರೀದಿಸಿದ್ದೂ ಭದ್ರವಲ್ಲ. ಪ್ಲೇಸ್ಟೇಷನ್‌ನಲ್ಲಿ ಜನ ಖರೀದಿಸಿದ್ದ ಡಿಸ್ಕವರಿ ಕಾರ್ಯಕ್ರಮಗಳನ್ನು ತೆಗೆದುಹಾಕುವುದಾಗಿ ಸೋನಿ 2023ರ ಡಿಸೆಂಬರ್‌ನಲ್ಲಿ ಘೋಷಿಸಿ, ಟೀಕೆ ಎದ್ದ ಬಳಿಕ ಹಿಂದೆ ಸರಿಯಿತು. ಕ್ಯಾಲಿಫೋರ್ನಿಯಾ 2024ರಲ್ಲಿ ಒಂದು ಕಾನೂನನ್ನೇ ತಂದಿತು: ಕೊಡುವುದು ಬರೀ ಪರವಾನಿಗೆ ಆಗಿದ್ದರೆ, ಅದನ್ನು ಸ್ಪಷ್ಟವಾಗಿ ತಿಳಿಸದೆ ‘ಖರೀದಿಸಿ’ ಎಂಬ ಬಟನ್ ಇಡುವ ಹಾಗಿಲ್ಲ. ಭಾರತದಲ್ಲಿ ಅಂಥ ನೇರ ನಿಯಮ ಬಂದಿಲ್ಲ.

ದರದ ವಿಷಯದಲ್ಲೂ ಒಂದು ಅಂತರ ಇದೆ. ಟಿವಿ ಚಾನೆಲ್‌ಗಳ ದರದ ಮೇಲೆ ಟ್ರಾಯ್ ಕಣ್ಣಿದೆ. 2019ರ ಫೆಬ್ರವರಿಯಿಂದ ಬಂದ ವ್ಯವಸ್ಥೆಯಲ್ಲಿ ಪ್ರತಿ ಚಾನೆಲ್‌ನ ದರ ಪ್ರಕಟಿಸಬೇಕು, 19 ರೂ.ಗಿಂತ ಹೆಚ್ಚಿನದ್ದನ್ನು ಪ್ಯಾಕ್‌ನಲ್ಲಿ ಸೇರಿಸುವ ಹಾಗಿಲ್ಲ. ಆಗ ನೆಟ್‌ವರ್ಕ್ ಶುಲ್ಕಕ್ಕೂ 130 ರೂ. ಮಿತಿ ಇತ್ತು, ಜಿಎಸ್‌ಟಿ ಸೇರಿ 153.40 ರೂ. ಆ ಮಿತಿಯನ್ನು 2024ರ ಜುಲೈಯಲ್ಲಿ ತೆಗೆಯಲಾಯಿತು. ಒಟಿಟಿ ದರಕ್ಕೆ ಇಂಥ ಯಾವ ಕಟ್ಟುಪಾಡೂ ಇಲ್ಲ. 2021ರ ಐಟಿ ನಿಯಮಗಳು ನೋಡುವುದು ಏನು ತೋರಿಸುತ್ತೀರಿ ಎಂಬುದನ್ನು. ಎಷ್ಟು ವಸೂಲಿ ಮಾಡುತ್ತೀರಿ ಎಂಬುದು ಅವುಗಳ ವ್ಯಾಪ್ತಿಗೆ ಬರುವುದಿಲ್ಲ.

ಗಡಿನಾಡಿನ ಮನೆಯ ಲೆಕ್ಕ

ಈ ಬದಲಾವಣೆಯಿಂದ ಹೆಚ್ಚು ಖರ್ಚಿಗೆ ಬೀಳುವುದು ಗಡಿನಾಡಿನ ಮನೆ. ಕಾಸರಗೋಡಿನ ಬ್ಯಾರಿ ಮನೆಯೊಂದರಲ್ಲಿ ಮಾತು ಬ್ಯಾರಿ, ಶಾಲೆ ಕನ್ನಡ ಅಥವಾ ಮಲಯಾಳಂ, ಹುಡುಗರ ಹಾಡು ಹಿಂದಿ, ಉಮ್ಮ ನೋಡುವ ಧಾರಾವಾಹಿ ಬೇರೆ. ಪ್ರಾದೇಶಿಕ ಪ್ಯಾಕ್‌ಗಳು ತಯಾರಾಗುವುದು ರಾಜ್ಯ ನೋಡಿ, ಭಾಷೆಯ ಗಡಿ ನೋಡಿ ಅಲ್ಲ. ಕೇರಳದ ವಿಳಾಸಕ್ಕೆ ಮಲಯಾಳಂ ಪ್ಯಾಕ್ ಮೊದಲು, ಕನ್ನಡ ಬೇಕಾದರೆ ಮೇಲಿಂದ ಸೇರಿಸಬೇಕು. ಗಡಿಯಾಚೆ ತಲಪಾಡಿ ದಾಟಿದರೆ ಇದೇ ಕತೆ ತಿರುಗಾಮುರುಗಾ. ಒಟಿಟಿಯಲ್ಲಿ ಭಾಷೆಗಳು ಒಂದೇ ಕಡೆ ಸಿಗುತ್ತವೆ ನಿಜ, ಆದರೆ ಒಬ್ಬರ ಇಷ್ಟದ್ದು ಒಂದು ಆಪ್‌ನಲ್ಲಿ, ಇನ್ನೊಬ್ಬರದ್ದು ಮತ್ತೊಂದರಲ್ಲಿ.

ಹಾಗಾಗಿ ಎಷ್ಟೋ ಮನೆಗಳಲ್ಲಿ ಎರಡೂ ನಡೆಯುತ್ತಿವೆ. ಹಿರಿಯರಿಗೆ ನಂಬರ್ ಒತ್ತಿದರೆ ಚಾನೆಲ್ ಬರುವ ಬಾಕ್ಸ್ ಬೇಕು. ಮಕ್ಕಳಿಗೆ ವೈಫೈ ಬೇಕು. ಡಿಶ್ ರೀಚಾರ್ಜ್, ಫೈಬರ್ ಬಿಲ್ಲು, ಒಂದೆರಡು ಒಟಿಟಿ, ನಾಲ್ಕು ಮೊಬೈಲ್. ತಿಂಗಳ ಕೊನೆಗೆ ಗಲ್ಫಿನಲ್ಲಿರುವ ಮಗ ಕಳುಹಿಸುವ ದುಡ್ಡಿನಿಂದ ಇವೆಲ್ಲ ಒಂದೊಂದೇ ಕಡಿತವಾಗುತ್ತವೆ. ಅಲ್ಲಿ ಆ ಮಗ ಊರಿನ ಚಂದಾ ಬಳಸಿ ನೋಡುವ ಎಂದರೆ ‘ಈ ದೇಶದಲ್ಲಿ ಲಭ್ಯವಿಲ್ಲ’ ಎಂಬ ಉತ್ತರ. ಹಕ್ಕುಗಳು ದೇಶ ನೋಡಿ ಮಾರಾಟವಾಗುತ್ತವೆ, ದುಡಿಯಲು ಹೋದವನ ಮನೆ ಎಲ್ಲಿದೆ ಎಂದು ಅವು ಕೇಳುವುದಿಲ್ಲ.

ಈ ಸಿಟ್ಟಿನಲ್ಲೇ ‘ವರ್ಷಕ್ಕೆ ಇಷ್ಟೇ, ಎಲ್ಲ ಚಾನೆಲ್ ಸಿಗುತ್ತದೆ’ ಎಂಬ ಕಳ್ಳ ಐಪಿಟಿವಿ ಬಾಕ್ಸ್‌ಗಳಿಗೆ ಯುವಕರು ಬಲಿಯಾಗುವುದು. ಅದು ಭಾರತದಲ್ಲೂ ಗಲ್ಫಿನಲ್ಲೂ ಕಾನೂನುಬಾಹಿರ. ಕೊಟ್ಟ ದುಡ್ಡಿಗೆ ರಸೀದಿ ಇಲ್ಲ, ನಾಳೆ ಬಂದ್ ಆದರೆ ಕೇಳುವವರಿಲ್ಲ, ಫೋನಿನ ಮಾಹಿತಿ ಯಾರ ಕೈ ಸೇರುತ್ತದೆ ಎಂದೂ ಗೊತ್ತಿಲ್ಲ. ಹೊರದೇಶದಲ್ಲಿ ವೀಸಾ ನಂಬಿ ಬದುಕುವವನಿಗೆ ಒಂದು ಪಂದ್ಯಕ್ಕಾಗಿ ಇಷ್ಟು ದೊಡ್ಡ ಅಪಾಯ ಬೇಕೇ?

ಬಳಕೆದಾರ ಏನು ಮಾಡಬಹುದು?

ಮೊದಲ ಕೆಲಸ, ಮನೆಯ ಎಲ್ಲ ಚಂದಾಗಳನ್ನು ಒಂದು ಕಾಗದದಲ್ಲಿ ಬರೆಯುವುದು. ಯಾವುದನ್ನು ಕಳೆದ ಎರಡು ತಿಂಗಳಲ್ಲಿ ಯಾರೂ ತೆರೆದಿಲ್ಲವೋ ಅದನ್ನು ನಿಲ್ಲಿಸಬಹುದು. ಕಾರ್ಡ್‌ನಿಂದ ತಾನಾಗಿ ಕಡಿತವಾಗುವ ಹಣಕ್ಕೆ 24 ಗಂಟೆ ಮೊದಲು ಸೂಚನೆ ಬರಬೇಕು ಎಂಬುದು ರಿಸರ್ವ್ ಬ್ಯಾಂಕ್ ನಿಯಮ. ಆ ಮೆಸೇಜ್‌ನಲ್ಲಿ ನಿಲ್ಲಿಸುವ ದಾರಿಯೂ ಇರಬೇಕು. ಸೇರುವುದು ಸುಲಭ ಮಾಡಿ ಬಿಡುವುದು ಕಷ್ಟ ಮಾಡುವ ‘ಚಂದಾ ಬಲೆ’ಯನ್ನು 2023ರ ನವೆಂಬರ್‌ನ ಕೇಂದ್ರ ಮಾರ್ಗಸೂಚಿ ನಿಷೇಧಿತ ತಂತ್ರಗಳ ಪಟ್ಟಿಗೆ ಸೇರಿಸಿದೆ. ದೂರು ಹೇಳಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಸುದ್ದಿ ಮತ್ತು ಸಾಮಾನ್ಯ ಚಾನೆಲ್ ಸಾಕು ಎನ್ನುವ ಮನೆಗೆ ಡಿಡಿ ಫ್ರೀ ಡಿಶ್ ಇದೆ. ತಿಂಗಳ ಬಾಡಿಗೆ ಇಲ್ಲ, ಡಿಡಿ ಚಂದನವೂ ಸಿಗುತ್ತದೆ. ಪ್ರಸಾರ ಭಾರತಿ 2024ರ ನವೆಂಬರ್‌ನಲ್ಲಿ ವೇವ್ಸ್ ಎಂಬ ಆಪ್ ಕೂಡ ತಂದಿದೆ.

ಮನೆಯವರ ನೆನಪು ಸೇರಿದ ಟಿವಿ ತುಣುಕು ಇದ್ದರೆ ಬಾಕ್ಸ್ ನಂಬಿ ಕೂರಬಾರದು. ಆ ವರದಿ ಬಂದ ಚಾನೆಲ್‌ನವರನ್ನು ಸಂಪರ್ಕಿಸಿ ಪ್ರತಿ ಕೇಳಬಹುದು. ಈಗ ಹೆಚ್ಚಿನ ಚಾನೆಲ್‌ಗಳು ಸುದ್ದಿಯನ್ನು ಯೂಟ್ಯೂಬ್‌ನಲ್ಲೂ ಹಾಕುತ್ತವೆ. ಮದುವೆ, ಮೌಲಿದ್, ಮದ್ರಸ ವಾರ್ಷಿಕೋತ್ಸವದ ಸ್ವಂತ ವೀಡಿಯೊಗಳನ್ನಂತೂ ಎರಡು ಕಡೆ ಇಡುವುದು ಒಳ್ಳೆಯದು.

ಇಷ್ಟು ವ್ಯಕ್ತಿ ಮಟ್ಟದ್ದಾಯಿತು. ಸರಕಾರದ ಮಟ್ಟದಲ್ಲಿ ಬಾಕಿ ಉಳಿದದ್ದು ಇನ್ನೂ ದೊಡ್ಡದು. ಒಂದೇ ಬಾಕ್ಸ್‌ನಲ್ಲಿ ಯಾವ ಕಂಪೆನಿಯ ಸೇವೆಯನ್ನಾದರೂ ಪಡೆಯುವಂತಾಗಬೇಕು ಎಂದು ಟ್ರಾಯ್ 2020ರ ಏಪ್ರಿಲ್‌ನಲ್ಲೇ ಶಿಫಾರಸು ಮಾಡಿತ್ತು. ಮೊಬೈಲ್ ನಂಬರ್ ಹಾಗೇ ಇಟ್ಟುಕೊಂಡು ಕಂಪೆನಿ ಬದಲಾಯಿಸಬಹುದಾದರೆ ಬಾಕ್ಸ್ ಯಾಕೆ ಆಗದು? ಆ ಶಿಫಾರಸು ಮನೆಗಳಿಗೆ ತಲುಪುವ ಮೊದಲೇ ಬಾಕ್ಸ್‌ನ ಕಾಲವೇ ಮುಗಿಯುತ್ತಿದೆ. ಅದೇ ತಪ್ಪು ಒಟಿಟಿಯಲ್ಲಿ ಆಗಬಾರದು. ದರ ಏರಿಸುವ ಮೊದಲು ಸಾಕಷ್ಟು ಸೂಚನೆ, ಖರೀದಿ ಯಾವುದು ಬಾಡಿಗೆ ಯಾವುದು ಎಂಬ ಸ್ಪಷ್ಟ ಬರಹ, ಚಂದಾ ಮಧ್ಯದಲ್ಲಿ ಜಾಹೀರಾತು ತುರುಕಿದರೆ ಉಳಿದ ಹಣ ವಾಪಸ್. ಇವು ಬಹಳ ದೊಡ್ಡ ಬೇಡಿಕೆಗಳೇನಲ್ಲ.

ಹಳೆಯ ರೆಕಾರ್ಡರ್ ನಿಧಾನವಿತ್ತು, ಮಳೆಗೆ ಕೈಕೊಡುತ್ತಿತ್ತು, ಕೊನೆಯ ಓವರ್ ನುಂಗುತ್ತಿತ್ತು. ಅದು ಮೂಲೆ ಸೇರಿದ್ದಕ್ಕೆ ಯಾರೂ ಅಳಬೇಕಾಗಿಲ್ಲ. ಆದರೆ ನೋಡುವವನು ತನಗೆ ಬೇಕಾದ್ದನ್ನು ತನ್ನ ಮನೆಯಲ್ಲಿ ಇಟ್ಟುಕೊಳ್ಳಬಹುದು ಎಂಬ ಒಂದು ಮಾತು ಅದರೊಳಗಿತ್ತು. ಬಾಕ್ಸ್ ಆ ಮಾತನ್ನು ಅರ್ಧ ಉಳಿಸಿಕೊಂಡಿತು, ಇಂಟರ್ನೆಟ್ ಟಿವಿ ಅದನ್ನು ಕೊಡಲೇ ಇಲ್ಲ. ತಿಂಗಳು ತಿಂಗಳು ದುಡ್ಡು ಕಟ್ಟುವವರು ಈಗ ಅದನ್ನು ಕೇಳಿ ಪಡೆಯಬೇಕಾಗಿದೆ.